ಜೇಮ್ಸ್‌ಟೌನಿನ ಹಸಿವಿನ ಚಳಿಗಾಲ

ಎಲ್ಲರಿಗೂ ನಮಸ್ಕಾರ.

ಇವತ್ತು ನಾನು ಮಾತಾಡುವುದು ಅಮೆರಿಕದ ವರ್ಜೀನಿಯಾದಲ್ಲಿದ್ದ ಜೇಮ್ಸ್‌ಟೌನ್ ಕೋಟೆಯ ಬಗ್ಗೆ. ಅದನ್ನು ನಡೆಸುತ್ತಿದ್ದದ್ದು ಲಂಡನ್ನಿನ ವರ್ಜೀನಿಯಾ ಕಂಪನಿ. ಅದರ ಖಜಾಂಚಿ ಸರ್ ಥಾಮಸ್ ಸ್ಮೈತ್. ನಮ್ಮ ದೇಶಕ್ಕೆ ಬಂದ ಈಸ್ಟ್ ಇಂಡಿಯಾ ಕಂಪನಿಯ ಮೊದಲ ಗವರ್ನರ್ ಕೂಡ ಇವನೇ.

1607ರ ಮೇ ತಿಂಗಳಲ್ಲಿ 104 ಗಂಡಸರು, ಹುಡುಗರು ಅಲ್ಲಿ ನೆಲೆಯೂರಿದರು. ಹಡಗನ್ನು ದಡದ ಮರಕ್ಕೇ ಕಟ್ಟಬಹುದು ಎಂಬ ಅನುಕೂಲ ನೋಡಿ ಆರಿಸಿದ ಜಾಗ ಅದು. ಸುತ್ತ ಜೌಗು. ಬೇಸಿಗೆಯಲ್ಲಿ ನದಿ ತಗ್ಗಿದರೆ ಸಮುದ್ರದ ಉಪ್ಪು ಮೇಲೇರಿ ಬರುತ್ತಿತ್ತು. ಅದೇ ನೀರನ್ನು ಕುಡಿದರು. ರಕ್ತಭೇದಿ, ಜ್ವರ, ಹಸಿವು. ಮರುವರ್ಷದ ಜನವರಿಗೆ ಉಳಿದವರು 38 ಮಂದಿ.

ಹೊಟ್ಟೆಗೆ ಅವರು ನೆಚ್ಚಿದ್ದು ಕಂಪನಿಯ ಹಡಗುಗಳನ್ನು, ಇಲ್ಲವೇ ಅಲ್ಲಿನ ಮೂಲನಿವಾಸಿಗಳಾದ ಪೌಹಾಟನ್ ಜನರ ಮೆಕ್ಕೆಜೋಳವನ್ನು. ಆ ಸೀಮೆಯ ಹಳೆಯ ಸೈಪ್ರೆಸ್ ಮರಗಳ ಉಂಗುರಗಳನ್ನು ವಿಜ್ಞಾನಿಗಳು ಓದಿದ್ದಾರೆ: 1606ರಿಂದ 1612ರವರೆಗೆ ಹಲವು ಶತಮಾನಗಳಲ್ಲೇ ಕಾಣದ ಬರ. ತಮ್ಮ ಮಕ್ಕಳಿಗೇ ಸಾಲದ ಜೋಳವನ್ನು ಆ ಜನ ಎಷ್ಟು ಕಾಲ ಕೊಟ್ಟಾರು? ಕೊಡದಿದ್ದಾಗ ಇವರು ಹೆದರಿಸಿ ಕಸಿದರು. 1609–10ರ ಹಸಿವಿನ ಚಳಿಗಾಲದ ಬೇರು ಇಲ್ಲಿದೆ ಎಂದೇ ನನ್ನ ನಂಬಿಕೆ.

1609ರಲ್ಲಿ ಕಂಪನಿ ಒಂಬತ್ತು ಹಡಗುಗಳನ್ನು ಕಳಿಸಿತು. ಬಿರುಗಾಳಿಗೆ ಸಿಕ್ಕ ಮುಖ್ಯ ಹಡಗು ‘ಸೀ ವೆಂಚರ್’ ಬರ್ಮುಡಾದಲ್ಲಿ ಬಂಡೆಗೆ ಬಡಿಯಿತು. ಅಧಿಕಾರಿಗಳೂ ಬಹಳಷ್ಟು ದಾಸ್ತಾನೂ ಅದರಲ್ಲೇ ಇದ್ದವು. ಉಳಿದ ಹಡಗುಗಳಲ್ಲಿ ಕೋಟೆಗೆ ಬಂದದ್ದು ಉಣ್ಣುವ ಬಾಯಿಗಳು ಮಾತ್ರ. ಅದುವರೆಗೆ ಕೋಟೆಯ ನಾಯಕನಾಗಿದ್ದ ಜಾನ್ ಸ್ಮಿತ್ ಕೋವಿಮದ್ದು ಸಿಡಿದು ಸುಟ್ಟುಕೊಂಡು ಅಕ್ಟೋಬರಿನಲ್ಲಿ ಇಂಗ್ಲೆಂಡಿಗೆ ಹೊರಟುಹೋದ. ಪೌಹಾಟನ್ನರು ಕೋಟೆಗೆ ಮುತ್ತಿಗೆ ಹಾಕಿದರು. ಬೇಟೆಗೆಂದು ಹೊರಗೆ ಕಾಲಿಟ್ಟವರಿಗೆ ಸಾವು ಕಾದಿತ್ತು.

ಮೊದಲು ಕುದುರೆ ತಿಂದರು. ಆಮೇಲೆ ನಾಯಿ, ಬೆಕ್ಕು, ಇಲಿ, ಹಾವು. ಕೊನೆಗೆ ಬೂಟಿನ ಚರ್ಮ. ಸತ್ತವರನ್ನೂ ತಿಂದರೆಂದು ಆಗ ಅಲ್ಲಿ ನಾಯಕನಾಗಿದ್ದ ಜಾರ್ಜ್ ಪರ್ಸಿ ಬರೆದಿಟ್ಟ. ಇದು ಉತ್ಪ್ರೇಕ್ಷೆ ಎಂದು ಬಹುಕಾಲ ಸಂಶಯಪಟ್ಟವರಿದ್ದರು. 2012ರಲ್ಲಿ ಒಂದು ನೆಲಮಾಳಿಗೆಯ ಕಸದಲ್ಲಿ, ಕುದುರೆ–ನಾಯಿಗಳ ಮೂಳೆಗಳ ನಡುವೆ, ಸುಮಾರು ಹದಿನಾಲ್ಕರ ಹುಡುಗಿಯೊಬ್ಬಳ ತಲೆಬುರುಡೆ ಸಿಕ್ಕಿತು. ಹಣೆಯ ಮೇಲೆ ನಾಲ್ಕು ಸಣ್ಣ ಕಡಿತಗಳು, ಆಳಕ್ಕಿಳಿಯದವು. ಕಡಿದವನ ಕೈ ಅಳುಕಿರಬೇಕು. ಹಿಂದಲೆಯ ಮೇಲಿನ ಏಟುಗಳು ಮಾತ್ರ ಬಿರುಸು. ದವಡೆಯ ಮೇಲೆ ಚಾಕುವಿನ ಮೊನೆಯ ಗೀರುಗಳು. ಸತ್ತ ನಂತರ ಆದ ಗಾಯಗಳು ಇವು. ಹೆಸರು ಗೊತ್ತಿಲ್ಲದ ಆ ಮಗುವನ್ನು ಸಂಶೋಧಕರು ಜೇನ್ ಎಂದು ಕರೆದಿದ್ದಾರೆ.

ಇನ್ನೊಂದು ಸಂಗತಿ ನನ್ನನ್ನು ಇನ್ನೂ ಹೆಚ್ಚು ಕಲಕುತ್ತದೆ. ನದಿ ಕಡಲು ಸೇರುವ ಕಡೆ ಇಂಗ್ಲಿಷರದೇ ಇನ್ನೊಂದು ಸಣ್ಣ ಕೋಟೆಯಿತ್ತು. 1610ರ ಮೇ ತಿಂಗಳಲ್ಲಿ ಪರ್ಸಿ ಅಲ್ಲಿಗೆ ಹೋದಾಗ ಕಂಡದ್ದೇನು? ಅಲ್ಲಿನವರು ಚೆನ್ನಾಗಿ ಉಂಡುಕೊಂಡಿದ್ದರು, ಮಿಕ್ಕ ಏಡಿಗಳನ್ನು ಹಂದಿಗಳಿಗೆ ಹಾಕುತ್ತಿದ್ದರು.

ಅದೇ ತಿಂಗಳು, ಬರ್ಮುಡಾದಲ್ಲಿ ಸಿಕ್ಕಿಕೊಂಡಿದ್ದವರು ತಾವೇ ಕಟ್ಟಿದ ಎರಡು ಹಡಗುಗಳಲ್ಲಿ ಬಂದು ಸೇರಿದರು. ಚಳಿಗಾಲಕ್ಕೆ ಮುಂಚೆ ಜೇಮ್ಸ್‌ಟೌನಿನಲ್ಲಿದ್ದ ಮುನ್ನೂರರಷ್ಟು ಜನರಲ್ಲಿ ಆಗ ಅರವತ್ತು ಮಂದಿ ಉಸಿರಾಡುತ್ತಿದ್ದರು. ಜೂನಿನಲ್ಲಿ ಎಲ್ಲರೂ ಕೋಟೆ ತೊರೆದು ಹೊರಟೇಬಿಟ್ಟರು. ನದಿಯಲ್ಲೇ ಹೊಸ ಗವರ್ನರ್ ಡಿ ಲಾ ವಾರ್ ಕಳಿಸಿದ ದೋಣಿ ಎದುರಾಯಿತು. ದವಸವೂ ಜನವೂ ಬರುತ್ತಿವೆ ಎಂಬ ಸುದ್ದಿ ಕೇಳಿ ಹಿಂತಿರುಗಿದರು.

ಆಗಸ್ಟಿನಲ್ಲಿ ಇದೇ ಪರ್ಸಿ ಪಡೆ ಕಟ್ಟಿಕೊಂಡು, ಕೋಟೆಯಿದ್ದ ನೆಲದ ಮೂಲ ಒಡೆಯರಾದ ಪಾಸ್‌ಪಹೇ ಜನರ ಊರಿನ ಮೇಲೆ ಬಿದ್ದ. ಮನೆಗಳನ್ನು ಸುಟ್ಟರು, ರಾಣಿಯನ್ನೂ ಅವಳ ಮಕ್ಕಳನ್ನೂ ಸೆರೆಹಿಡಿದು ಕೊಂದರು. ಹೊಲದಲ್ಲಿ ನಿಂತಿದ್ದ ಜೋಳವನ್ನು ಕಡಿದು ಹಾಕಿದರು.