ಬೇಸ್ ಹಿಡೀರಿ, ಜಾಜ್ ಸಿಗುತ್ತೆ

ಕೇಳುಗರಿಗೆ ನಮಸ್ಕಾರ. ಜಾಜ್ ಅಂದ ಕೂಡಲೇ ನಮ್ಮ ಧಾರವಾಡದ ಮಂದಿ ಕೈ ಮುಗಿಯುತ್ತಾರೆ. "ಅದೆಲ್ಲ ನಮಗ ತಿಳ್ಯಾಂಗಿಲ್ರೀ" ಅಂತ. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್ ಅವರನ್ನು ಎದುರಿಗೇ ಕೂತು ಕೇಳಿದ ಮಂದಿ ಈ ಮಾತು ಹೇಳಬಾರದು. ಒಂದೇ ಕೆಲಸ ಮಾಡಿ. ಬೇಸ್ ಹಿಡೀರಿ. ಆಳೆತ್ತರದ ಪಿಟೀಲಿನಂಥ ವಾದ್ಯ ಅದು. ನಿಂತುಕೊಂಡು, ಬೆರಳಿನಿಂದ ಮೀಟುತ್ತಾರೆ. ಟ್ರಂಪೆಟ್ಟು, ಸ್ಯಾಕ್ಸೋಫೋನು ಏನು ಬೇಕಾದರೂ ಮಾಡಿಕೊಳ್ಳಲಿ, ನಿಮ್ಮ ಕಿವಿ ಬೇಸ್ ಬಿಡಬಾರದು.

ಶುರು ಮಾಡಲು ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ 'ಕೈಂಡ್ ಆಫ್ ಬ್ಲೂ' ಸಾಕು. 1959ರಲ್ಲಿ ನ್ಯೂಯಾರ್ಕಿನಲ್ಲಿ ಎರಡೇ ದಿನದಲ್ಲಿ ಮುಗಿಸಿದ ರೆಕಾರ್ಡ್. ಮೊದಲ ತುಣುಕು 'ಸೋ ವಾಟ್'. ಅದರಲ್ಲಿ ಧಾಟಿ ನುಡಿಸುವುದೇ ಬೇಸ್. ನುಡಿಸಿದವರು ಪಾಲ್ ಚೇಂಬರ್ಸ್, ಆಗ ಅವರಿಗೆ 23 ವರ್ಷ. ಅವರದು ಒಂದು ಸಾಲು, ಉಳಿದವರದು ಎರಡೇ ಸ್ವರದ ಉತ್ತರ.

ಇದನ್ನು ಮಾಳಮಡ್ಡಿಯ ಗೆಳೆಯರೊಬ್ಬರಿಗೆ ಕೇಳಿಸಿದೆ. ಪೇಟಿ, ಅಂದರೆ ಹಾರ್ಮೋನಿಯಂ, ಕಲಿಸುವ ಮಾಸ್ತರರು. "ಹಾಕ್ರೀ, ನೋಡೋಣು" ಅಂದರು, ಮನಸ್ಸಿಲ್ಲದೆ. ಹಳೆಯ ಎಲ್‌ಪಿ ಹಾಕಿದೆ. ಬೇಸ್ ಕೇಳಿ ಅಂತಷ್ಟೇ ಹೇಳಿದೆ. ಸ್ವಲ್ಪ ಹೊತ್ತಿಗೆ, "ಇದು ಕಾಫಿ ಥಾಟ್ ಅಲ್ರೀ?" ಅಂದರು. ಹೌದು! ಹಿಂದೂಸ್ತಾನಿಯ ಆ ಸ್ವರಸಾಲಿನಂತೆ ಇಲ್ಲೂ ಗಾಂಧಾರ, ನಿಷಾದ ಎರಡೂ ಕೋಮಲ. ಅಷ್ಟರಲ್ಲಿ 16 ಬಾರ್ ಮುಗಿಯಿತು, ಇಲ್ಲಿ ಒಂದು ಬಾರ್ ಅಂದರೆ ನಾಲ್ಕು ಮಾತ್ರೆ. "ಏ, ತಡೀರಿ, ಷಡ್ಜನ ಸರದು ಬಿಡ್ತಲ್ರೀ!" ಸರಿದಿತ್ತು, ಪೇಟಿಯ ಬಿಳಿ ಎರಡನೇ ಮನೆಯಿಂದ ಕಪ್ಪು ಎರಡಕ್ಕೆ, ಅರ್ಧ ಸ್ವರ ಮೇಲಕ್ಕೆ. ಎಂಟು ಬಾರ್ ಅಲ್ಲಿದ್ದು, ಮತ್ತೆ ಎಂಟು ಬಾರ್ ಕೆಳಗೆ. 32 ಬಾರ್‌ಗೆ ಒಂದು ಸುತ್ತು. ಎಲ್ಲರ ವಿಸ್ತಾರವೂ ಆ ಸುತ್ತಿನ ಮೇಲೆಯೇ.

ಮಾಸ್ತರರು ಸುಮ್ನೆ ಕೂರುವವರಲ್ಲ. ಪೇಟಿ ತರಿಸಿದರು. ಬಿಳಿ ಎರಡು ಒತ್ತಿ ಮುಖ ಕಿವುಚಿದರು. "ಶ್ರುತಿ ಕೂಡವಲ್ದು. ಚೂರು ಏರ್ಯದ. ತಿರುವಿ ಹಾಕ್ರೀ." ತಿರುವಿ ಹಾಕಿದೆ. ಎರಡನೇ ಬದಿ ಪೇಟಿಗೆ ಸರಿಯಾಗಿ ಕೂಡಿತು!

ಆಗಿದ್ದಿಷ್ಟು. ಮೊದಲ ಬದಿಯ ಮೂರೂ ತುಣುಕು ಮಾರ್ಚ್ 2ರಂದು ರೆಕಾರ್ಡ್ ಆದವು. ಅವತ್ತು ಟೇಪ್ ಯಂತ್ರ ಕೊಂಚ ನಿಧಾನ ಓಡಿತ್ತು. ಆ ಟೇಪನ್ನು ಸರಿಯಾದ ವೇಗದಲ್ಲಿ ಓಡಿಸಿದರೆ ಶ್ರುತಿ ಏರುತ್ತದೆ, ಅಲ್ವಾ? ಮೂರು ದಶಕ ಜನ ಅದನ್ನೇ ಕೇಳಿದರು. ಜೊತೆಗೆ ಓಡುತ್ತಿದ್ದ ಇನ್ನೊಂದು ಯಂತ್ರದ ಟೇಪ್ ಬಳಸಿ ಸರಿಮಾಡಿದ್ದು 1990ರ ದಶಕದಲ್ಲಿ. ನಮ್ಮ ಮಾಸ್ತರರು ಒಂದು ಪೇಟಿ ಇಟ್ಟುಕೊಂಡು ಕೂತಲ್ಲೇ ಹಿಡಿದರು. ಇನ್ನೂ ತಿಳಿಯೋದಿಲ್ಲ ಅಂತೀರಾ?

ಹೇಳಬೇಕಾದದ್ದು ಜಾಸ್ತಿ ಇತ್ತು, ಹೊತ್ತು ಉಳಿದಿಲ್ಲ. ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರ 'ಎ ಲವ್ ಸುಪ್ರೀಮ್' ಕೇಳಿ, 1964ರ ಡಿಸೆಂಬರಿನಲ್ಲಿ ನುಡಿಸಿದ್ದು. ಜಿಮ್ಮಿ ಗ್ಯಾರಿಸನ್ ಬೇಸಿನಲ್ಲಿ ನಾಲ್ಕೇ ಸ್ವರ ಹಿಡಿದು ಶುರು ಮಾಡುತ್ತಾರೆ. ಮೊದಲ ಭಾಗದ ಕೊನೆಗೆ ಕೋಲ್ಟ್ರೇನ್ ಅದೇ ನಾಲ್ಕು ಸ್ವರವನ್ನು ಬಾಯಲ್ಲಿ ಜಪದಂತೆ ಹೇಳುತ್ತಾರೆ. ಪಂಡಿತ್ ರವಿಶಂಕರ್ ಅವರ ಮೇಲಿನ ಅಭಿಮಾನಕ್ಕೆ ಮಗನಿಗೆ ರವಿ ಅಂತ ಹೆಸರಿಟ್ಟವರು ಇವರು. ಟ್ರಂಪೆಟ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಅವರ 1928ರ 'ವೆಸ್ಟ್ ಎಂಡ್ ಬ್ಲೂಸ್' ಆಮೇಲೆ. ಅದರಲ್ಲಿ ಬೇಸೇ ಇಲ್ಲ, ಪಳಗಿದ ಕಿವಿ ಬೇಕು.

ಮೊಬೈಲನ್ನು ಮೇಜಿನ ಮೇಲಿಟ್ಟು ಮಾತ್ರ ಕೇಳಬೇಡಿ, ದಯವಿಟ್ಟು. ಆ ಪುಟ್ಟ ಸ್ಪೀಕರಿನಲ್ಲಿ ಬೇಸ್ ಬರುವುದೇ ಇಲ್ಲ, ಆಮೇಲೆ ನನ್ನನ್ನು ಬೈಯುತ್ತೀರಿ. ಇಯರ್‌ಫೋನ್ ಹಾಕಿಕೊಳ್ಳಿ. ನಮಸ್ಕಾರ.