ಮಗುಚಿ ಹಿಡಿದ ಗಿಟಾರ್: ಜಿಮಿ ಹೆಂಡ್ರಿಕ್ಸ್ ಅವರ ಬದುಕು ಮತ್ತು ನಾದ

(ಪರದೆಯ ಮೇಲೆ: ಉರಿಯುತ್ತಿರುವ ಗಿಟಾರಿನ ಮುಂದೆ ಮಂಡಿಯೂರಿದ ತರುಣನ ಛಾಯಾಚಿತ್ರ)

ನಮಸ್ಕಾರ. ರಾಕ್ ಸಂಗೀತವನ್ನು ಎಂದೂ ಕೇಳದವರು ಕೂಡ ಈ ಛಾಯಾಚಿತ್ರವನ್ನು ಎಲ್ಲಾದರೂ ನೋಡಿರಬಹುದು. ವೇದಿಕೆಯ ಮೇಲೆ ಒಬ್ಬ ತರುಣ ಮಂಡಿಯೂರಿದ್ದಾನೆ, ಅವನೆದುರು ಗಿಟಾರ್ ಹೊತ್ತಿ ಉರಿಯುತ್ತಿದೆ, ಜ್ವಾಲೆ ಇನ್ನೂ ಮೇಲೇಳಲಿ ಎಂಬಂತೆ ಅವನ ಬೆರಳುಗಳು ಅದನ್ನು ಕರೆಯುತ್ತಿವೆ. ಇದು 1967ರ ಜೂನ್ 18ರಂದು ಕ್ಯಾಲಿಫೋರ್ನಿಯಾದ ಮಾಂಟೆರೆ ಪಾಪ್ ಉತ್ಸವದಲ್ಲಿ ತೆಗೆದ ಚಿತ್ರ, ಆ ತರುಣ ಜಿಮಿ ಹೆಂಡ್ರಿಕ್ಸ್. ಅವರ ಹೆಸರೆತ್ತಿದಾಗಲೆಲ್ಲ ಈ ಬೆಂಕಿಯೇ ಮೊದಲು ನೆನಪಾಗುವುದು ನನಗೆ ಬಹಳ ಕಾಲದಿಂದ ಬೇಸರ ತಂದಿರುವ ಸಂಗತಿ. ಬೆಂಕಿ ಉರಿದದ್ದು ಕೆಲವೇ ನಿಮಿಷ. ಅದರ ಹಿಂದೆ ಹತ್ತು ವರ್ಷಗಳ ಸಾಧಕವಿತ್ತು, ಮುಂದೆ ಮೂರು ವರ್ಷಗಳ ಸ್ಟುಡಿಯೋ ದುಡಿಮೆಯಿತ್ತು. ಈ ವಿಡಿಯೋದಲ್ಲಿ ಆ ಕೈಗಳು ಮಾಡಿದ ಕೆಲಸವನ್ನು ನೋಡೋಣ.

ಹೆಂಡ್ರಿಕ್ಸ್ ಹುಟ್ಟಿದ್ದು 1942ರ ನವೆಂಬರ್ 27ರಂದು, ಅಮೆರಿಕದ ವಾಯವ್ಯ ಮೂಲೆಯ ಸಿಯಾಟಲ್ ನಗರದಲ್ಲಿ. ಆಗ ತಾಯಿ ಲೂಸಿಲ್‌ಗೆ 17 ವರ್ಷ, ತಂದೆ ಆಲ್ ಹೆಂಡ್ರಿಕ್ಸ್ ಸೈನ್ಯದಲ್ಲಿದ್ದರು. ಮಗುವಿಗೆ ಜಾನಿ ಆಲನ್ ಎಂದು ಹೆಸರಿಡಲಾಗಿತ್ತು. ಯುದ್ಧ ಮುಗಿಸಿ ಮರಳಿದ ತಂದೆ 1946ರಲ್ಲಿ ಅದನ್ನು ಜೇಮ್ಸ್ ಮಾರ್ಷಲ್ ಎಂದು ಬದಲಾಯಿಸಿದರು. ಮನೆಯಲ್ಲಿ ಬಡತನವಿತ್ತು, ಕುಡಿತವಿತ್ತು, ಜಗಳವಿತ್ತು. 1951ರಲ್ಲಿ ತಂದೆ ತಾಯಿ ವಿಚ್ಛೇದನ ಪಡೆದರು. ಹುಡುಗನಿಗೆ 15 ವರ್ಷವಾದಾಗ ತಾಯಿ ತೀರಿಕೊಂಡರು. ಮಿತಭಾಷಿಯಾದ ಆ ಹುಡುಗ ಪೊರಕೆಯನ್ನೇ ಗಿಟಾರಿನಂತೆ ಎದೆಗವಚಿಕೊಂಡು ನುಡಿಸುವ ಆಟವಾಡುತ್ತಿದ್ದ.

1957ರಲ್ಲಿ ನಡೆದ ಒಂದು ಸಣ್ಣ ಘಟನೆಯನ್ನು ಇಲ್ಲಿ ಹೇಳಲೇಬೇಕು. ಯಾರದೋ ಮನೆಯ ಕಸ ಸಾಗಿಸುವ ಕೆಲಸಕ್ಕೆ ತಂದೆಯ ಜೊತೆ ಹೋಗಿದ್ದಾಗ, ಎಸೆಯಬೇಕಾದ ಸಾಮಾನಿನ ನಡುವೆ ಹುಡುಗನಿಗೆ ಒಂದು ಹಳೆಯ ಯೂಕುಲೇಲಿ ಸಿಕ್ಕಿತು. ನಾಲ್ಕು ತಂತಿಗಳಿರಬೇಕಾದ ಆ ಪುಟ್ಟ ವಾದ್ಯದಲ್ಲಿ ಉಳಿದಿದ್ದದ್ದು ಒಂದೇ ತಂತಿ. ಒಂದೇ ತಂತಿಯಲ್ಲಿ ಹಾಡು ಹುಡುಕುವವನಿಗೆ ಅದರ ಉದ್ದಕ್ಕೂ ಬೆರಳನ್ನು ಜಾರಿಸುತ್ತ, ಕಿವಿಯನ್ನೇ ನಂಬಿ ಸ್ವರವನ್ನು ಹಿಡಿಯದೆ ಬೇರೆ ದಾರಿಯಿಲ್ಲ. ರೇಡಿಯೋದಲ್ಲಿ ಕೇಳಿದ ಎಲ್ವಿಸ್ ಪ್ರೀಸ್ಲಿ ಅವರ ಹಾಡುಗಳನ್ನು ಆತ ಹೀಗೆಯೇ ಕಲಿತ. ಸಂಗೀತದ ಲಿಪಿಯನ್ನು ಓದಲು ಅವರು ಕೊನೆಯವರೆಗೂ ಕಲಿಯಲಿಲ್ಲ. ಮುಂದೆ ಅವರ ಗಿಟಾರಿನಲ್ಲಿ ಕೇಳುವ ಉದ್ದನೆಯ ಜಾರುಸ್ವರಗಳ ಬೇರು ಈ ಒಂಟಿ ತಂತಿಯಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ. ಮರುವರ್ಷ ಐದು ಡಾಲರಿಗೆ ಒಂದು ಹಳೆಯ ಗಿಟಾರ್ ಬಂತು, 1959ರಲ್ಲಿ ತಂದೆಯೇ ಒಂದು ಎಲೆಕ್ಟ್ರಿಕ್ ಗಿಟಾರ್ ಕೊಡಿಸಿದರು.

(ಪರದೆಯ ಮೇಲೆ: ಎರಡು ಗಿಟಾರ್‌ಗಳ ರೇಖಾಚಿತ್ರ, ಒಂದು ನೇರವಾಗಿ, ಇನ್ನೊಂದು ಮಗುಚಿ)

ಹೆಂಡ್ರಿಕ್ಸ್ ಎಡಚರು. ಎಡಗೈಯಲ್ಲಿ ನುಡಿಸುವುದು ತಂದೆಗೆ ಹಿಡಿಸುತ್ತಿರಲಿಲ್ಲವಾದ್ದರಿಂದ, ಅವರು ಕೋಣೆಗೆ ಬಂದ ಕೂಡಲೇ ಅಣ್ಣ ಗಿಟಾರನ್ನು ತಿರುಗಿಸಿ ಬಲಗೈಗೆ ಹಿಡಿಯುತ್ತಿದ್ದ ಎಂದು ತಮ್ಮ ಲಿಯಾನ್ ನೆನಪಿಸಿಕೊಂಡಿದ್ದಾರೆ. ಪ್ರಸಿದ್ಧಿಗೆ ಬಂದ ಮೇಲೂ ಹೆಂಡ್ರಿಕ್ಸ್ ಹೆಚ್ಚಾಗಿ ನುಡಿಸಿದ್ದು ಬಲಗೈಯವರಿಗಾಗಿ ತಯಾರಾದ ಫೆಂಡರ್ ಸ್ಟ್ರಾಟೋಕ್ಯಾಸ್ಟರ್ ಗಿಟಾರನ್ನು ಮಗುಚಿ ಹಿಡಿದುಕೊಂಡೇ. ಹಾಗೆ ಮಗುಚಿದಾಗ ತೆಳುವಾದ ತಂತಿ ಮೇಲಕ್ಕೂ ದಪ್ಪ ತಂತಿ ಕೆಳಕ್ಕೂ ಬರುತ್ತದೆ. ಅವರು ತಂತಿಗಳನ್ನು ಬಿಚ್ಚಿ, ದಪ್ಪ ತಂತಿ ಮೇಲೆ ಬರುವಂತೆ ಮತ್ತೆ ಕಟ್ಟುತ್ತಿದ್ದರು. ತಂತಿಗಳ ಕ್ರಮ ಸರಿಹೋಯಿತು, ಆದರೆ ಗಿಟಾರಿನ ಉಳಿದ ಅಂಗಗಳೆಲ್ಲ ತಲೆಕೆಳಗಾಗಿಯೇ ಉಳಿದವು.

ಇದರ ಪರಿಣಾಮ ನಾದದ ಮೇಲೂ ಆಗುತ್ತದೆ. ತಂತಿಯ ಕಂಪನವನ್ನು ವಿದ್ಯುತ್ತಾಗಿ ಬದಲಾಯಿಸುವ ಭಾಗಕ್ಕೆ ಪಿಕಪ್ ಎನ್ನುತ್ತಾರೆ. ಸ್ಟ್ರಾಟೋಕ್ಯಾಸ್ಟರ್‌ನಲ್ಲಿ ಸೇತುವೆಯ, ಅಂದರೆ ಗಿಟಾರಿನ ಒಡಲಿನ ಮೇಲೆ ತಂತಿಗಳು ಆತುಕೊಳ್ಳುವ ಪಟ್ಟಿಯ, ಬಳಿಯ ಪಿಕಪ್ಪನ್ನು ಓರೆಯಾಗಿ ಕೂರಿಸಿರುತ್ತಾರೆ: ತೆಳು ತಂತಿಗಳ ಕಡೆಯ ತುದಿ ಸೇತುವೆಗೆ ಹತ್ತಿರ, ದಪ್ಪ ತಂತಿಗಳ ಕಡೆಯದು ದೂರ. ಸೇತುವೆಗೆ ಹತ್ತಿರವಾದಷ್ಟೂ ನಾದ ಚುರುಕು, ದೂರವಾದಷ್ಟೂ ದುಂಡಗೆ. ಹೆಂಡ್ರಿಕ್ಸ್ ಅವರ ಗಿಟಾರಿನಲ್ಲಿ ಈ ಓರೆ ಅದಲುಬದಲಾದದ್ದರಿಂದ ದಪ್ಪ ತಂತಿಗಳು ಸ್ಪಷ್ಟವಾಗಿ, ಬಿಗಿಯಾಗಿ ನುಡಿದವು; ತೆಳು ತಂತಿಗಳು ಚುಚ್ಚುವ ಬದಲು ತುಸು ಮೃದುವಾದವು. ಧ್ವನಿ ಹೆಚ್ಚುಕಡಿಮೆ ಮಾಡುವ ಗುಂಡಿಗಳೂ ಸ್ವರವನ್ನು ನಡುಗಿಸುವ ಲೋಹದ ಸನ್ನೆಗೋಲೂ ಮೇಲ್ಬದಿಗೆ ಬಂದು ಕೈಗೆ ನಿಲುಕಿದವು. ಅವರ ಅಂಗೈ ದೊಡ್ಡದು, ಬೆರಳುಗಳು ಉದ್ದ. ಹೆಬ್ಬೆರಳನ್ನು ಗಿಟಾರಿನ ಕತ್ತಿನ ಮೇಲಿನಿಂದ ಬಳಸಿ ಮಂದ್ರ ತಂತಿಯನ್ನು ಒತ್ತಿ, ಉಳಿದ ನಾಲ್ಕು ಬೆರಳುಗಳನ್ನು ರಾಗದ ಎಳೆಗಳಿಗೆ ಬಿಟ್ಟುಕೊಡುತ್ತಿದ್ದರು. ಅನೇಕ ಹಾಡುಗಳಲ್ಲಿ ಇಬ್ಬರು ಗಿಟಾರ್ ನುಡಿಸುತ್ತಿರುವಂತೆ ಕೇಳಿಸುವುದಕ್ಕೆ ಇದೇ ಕಾರಣ. ಶ್ರುತಿಯನ್ನು ಅರ್ಧ ಸ್ವರದಷ್ಟು ಇಳಿಸಿಕೊಳ್ಳುತ್ತಿದ್ದದ್ದರಿಂದ ತಂತಿಗಳು ಸಡಿಲವಾಗಿದ್ದು, ವೀಣೆಯಲ್ಲಿ ತಂತಿ ಎಳೆದು ಗಮಕ ತೆಗೆಯುವಂತೆ ಸ್ವರವನ್ನು ಧಾರಾಳವಾಗಿ ಎಳೆಯಲು ಅನುಕೂಲವಾಗುತ್ತಿತ್ತು.

ಮತ್ತೆ ಬದುಕಿನ ಕಥೆಗೆ ಬರೋಣ. 1961ರಲ್ಲಿ ಕದ್ದ ಕಾರುಗಳಲ್ಲಿ ಎರಡು ಸಲ ಸಿಕ್ಕಿಬಿದ್ದ ತರುಣನ ಮುಂದೆ ಜೈಲು ಇಲ್ಲವೇ ಸೈನ್ಯ ಎಂಬ ಆಯ್ಕೆ ಬಂತು. ಸೈನ್ಯ ಸೇರಿ, ಕೆಂಟಕಿಯ ಫೋರ್ಟ್ ಕ್ಯಾಂಪ್‌ಬೆಲ್‌ನಲ್ಲಿದ್ದ 101ನೇ ಏರ್‌ಬೋರ್ನ್ ಎಂಬ ಸೇನಾದಳದಲ್ಲಿ ಪ್ಯಾರಾಚೂಟ್ ಜಿಗಿತದ ತರಬೇತಿ ಪಡೆದರು. ಅಲ್ಲಿಯ ಕ್ಲಬ್ಬಿನ ಹೊರಗೆ ಹಾದುಹೋಗುತ್ತಿದ್ದ ಬಿಲ್ಲಿ ಕಾಕ್ಸ್ ಎಂಬ ಸೈನಿಕ ಗಿಟಾರಿನ ಸದ್ದಿಗೆ ಮಾರುಹೋಗಿ ಒಳಗೆ ಬಂದು, ಮಂದ್ರ ಸ್ವರಗಳ ಬಾಸ್ ಗಿಟಾರ್ ಹಿಡಿದು ಜೊತೆಗೂಡಿದರು. ಆ ಸ್ನೇಹ ಕೊನೆಯವರೆಗೂ ಉಳಿಯಿತು. ಸೈನಿಕ ಶಿಸ್ತಿಗೆ ಒಗ್ಗದ ಹೆಂಡ್ರಿಕ್ಸ್ ಅವರನ್ನು 1962ರಲ್ಲಿ ಸೇವೆಯಿಂದ ಬಿಡುಗಡೆ ಮಾಡಲಾಯಿತು.

ನಂತರದ ನಾಲ್ಕು ವರ್ಷ ಅವರು ಬೇರೆಯವರ ಹಿಂದೆ ನಿಂತು ನುಡಿಸಿದರು. ವರ್ಣಭೇದ ಆಳುತ್ತಿದ್ದ ಅಮೆರಿಕದ ದಕ್ಷಿಣದಲ್ಲಿ ಕಪ್ಪು ಕಲಾವಿದರು ಕಪ್ಪು ಪ್ರೇಕ್ಷಕರಿಗಾಗಿ ಊರೂರು ಸುತ್ತುತ್ತಿದ್ದ ಕ್ಲಬ್ಬುಗಳ ಜಾಲವೇ ಅವರ ಗುರುಕುಲವಾಯಿತು. ಐಸ್ಲಿ ಸೋದರರು, ಲಿಟಲ್ ರಿಚರ್ಡ್ ಮೊದಲಾದವರ ವಾದ್ಯವೃಂದದಲ್ಲಿ ನುಡಿಸಿದರು. ಹಲ್ಲಿನಿಂದ, ಬೆನ್ನ ಹಿಂದೆ ಹಿಡಿದು ಗಿಟಾರ್ ನುಡಿಸುವ ಚಮತ್ಕಾರಗಳು ಆ ವೇದಿಕೆಗಳಲ್ಲಿ ರೂಢಿಯಲ್ಲಿದ್ದವು. ಹೆಂಡ್ರಿಕ್ಸ್ ಅವುಗಳನ್ನು ಅಲ್ಲಿ ಕಲಿತರು. ಲಂಡನ್ನಿನ ಪತ್ರಿಕೆಗಳು ಮುಂದೆ ಅದನ್ನು ಕಾಡು ಸ್ವಭಾವ ಎಂಬಂತೆ ವರ್ಣಿಸಿದವು. ಒಂದು ಸಮುದಾಯದ ಕಲಿತ ಕಲೆಯನ್ನು ಹೀಗೆ ಹುಟ್ಟುಗುಣವೆಂದು ಬರೆದದ್ದು ಅನ್ಯಾಯ ಎಂದೇ ನಾನು ಭಾವಿಸುತ್ತೇನೆ. ಇದೇ ದಿನಗಳಲ್ಲಿ, 1965ರ ಅಕ್ಟೋಬರಿನಲ್ಲಿ, ಕೈಯಲ್ಲಿ ಕಾಸಿಲ್ಲದ ಅವರು ಒಬ್ಬ ನಿರ್ಮಾಪಕರೊಂದಿಗೆ ಒಂದು ಡಾಲರ್ ಮುಂಗಡ ಮತ್ತು ಶೇಕಡಾ 1ರ ರಾಯಲ್ಟಿಯ ಒಪ್ಪಂದಕ್ಕೆ ಸಹಿ ಹಾಕಿದರು. ಆ ಕಾಗದ ಅವರನ್ನು ಬಹಳ ಕಾಲ ಕಾಡಿತು.

1966ರಲ್ಲಿ ನ್ಯೂಯಾರ್ಕಿನ ಗ್ರೀನಿಚ್ ವಿಲೇಜಿನ ಕೆಫೆಯೊಂದರಲ್ಲಿ ಅವರನ್ನು ಕೇಳಿದ ಚಾಸ್ ಚಾಂಡ್ಲರ್, ಇಂಗ್ಲೆಂಡಿನ ದಿ ಆ್ಯನಿಮಲ್ಸ್ ತಂಡದ ಬಾಸ್ ವಾದಕ, ಸೆಪ್ಟೆಂಬರ್ 24ರಂದು ಅವರನ್ನು ಲಂಡನ್ನಿಗೆ ಕರೆತಂದರು. ಡ್ರಮ್ಸ್‌ಗೆ ಮಿಚ್ ಮಿಚೆಲ್, ಬಾಸ್‌ಗೆ ನೋಯಲ್ ರೆಡ್ಡಿಂಗ್ ಸೇರಿ ದಿ ಜಿಮಿ ಹೆಂಡ್ರಿಕ್ಸ್ ಎಕ್ಸ್‌ಪೀರಿಯನ್ಸ್ ಎಂಬ ಮೂವರ ತಂಡ ಹುಟ್ಟಿತು. ಲಂಡನ್ನಿಗೆ ಬಂದು ವಾರ ಕಳೆಯುವಷ್ಟರಲ್ಲಿ ಹೆಂಡ್ರಿಕ್ಸ್ ಎರಿಕ್ ಕ್ಲಾಪ್ಟನ್ ಅವರ ಕ್ರೀಮ್ ತಂಡದ ವೇದಿಕೆ ಹತ್ತಿ ಒಂದು ಹಾಡು ನುಡಿಸಿ, ಆಗ ಇಂಗ್ಲೆಂಡಿನ ಅಗ್ರ ಗಿಟಾರ್ ವಾದಕರೆನಿಸಿದ್ದ ಕ್ಲಾಪ್ಟನ್ ಅವರನ್ನೇ ದಿಗ್ಭ್ರಮೆಗೊಳಿಸಿದರು. 1967ರ ಮೇ ತಿಂಗಳಲ್ಲಿ ಮೊದಲ ಆಲ್ಬಮ್ ಬಂತು. ಜೂನ್ 4ರಂದು ಲಂಡನ್ನಿನ ಸ್ಯಾವಿಲ್ ಥಿಯೇಟರಿನಲ್ಲಿ, ಬೀಟಲ್ಸ್ ತಂಡದ ಹೊಚ್ಚ ಹೊಸ ಆಲ್ಬಮ್ಮಿನ ಶೀರ್ಷಿಕೆ ಗೀತೆಯಿಂದಲೇ ಅವರು ಕಛೇರಿ ಆರಂಭಿಸಿದಾಗ, ಪಾಲ್ ಮೆಕಾರ್ಟ್ನಿ ಮತ್ತು ಜಾರ್ಜ್ ಹ್ಯಾರಿಸನ್ ಪ್ರೇಕ್ಷಕರಲ್ಲಿದ್ದರು. ಅದೇ ಮೆಕಾರ್ಟ್ನಿ ಅವರ ಶಿಫಾರಸಿನಿಂದ ಮಾಂಟೆರೆಯ ಬಾಗಿಲು ತೆರೆಯಿತು.

ಮಾಂಟೆರೆಯಲ್ಲಿ ಬೆಂಕಿ ಹೊತ್ತಿದ ಅದೇ ದಿನ ಮಧ್ಯಾಹ್ನ, ಅದೇ ವೇದಿಕೆಯಲ್ಲಿ ಪಂಡಿತ್ ರವಿಶಂಕರ್ ಅವರು ಅಲ್ಲಾ ರಖಾ ಅವರ ತಬಲಾದೊಂದಿಗೆ ಗಂಟೆಗಟ್ಟಲೆ ಸಿತಾರ್ ನುಡಿಸಿದ್ದರು. ಮೈಮರೆತು ಕೇಳುತ್ತಿದ್ದವರಲ್ಲಿ ಹೆಂಡ್ರಿಕ್ಸ್ ಕೂಡ ಇದ್ದರು. ಹೆಂಡ್ರಿಕ್ಸ್ ಅವರ ವಾದನವನ್ನು ಮೆಚ್ಚಿದ ರವಿಶಂಕರ್, ವಾದ್ಯಕ್ಕೆ ಬೆಂಕಿಯಿಟ್ಟದ್ದನ್ನು ಮಾತ್ರ ಸಹಿಸಲಾಗಲಿಲ್ಲ ಎಂದು ಮುಂದೆ ಹಲವು ಸಲ ಹೇಳಿದರು. ವಾದ್ಯಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ನಮಗೆ ಆ ನೋವು ವಿವರಣೆಯಿಲ್ಲದೆ ಅರ್ಥವಾಗುತ್ತದೆ.

(ಪರದೆಯ ಮೇಲೆ: ಎರಡನೇ ಆಲ್ಬಮ್ಮಿನ ರಕ್ಷಾಪುಟ)

ಅದೇ ವರ್ಷ ಡಿಸೆಂಬರಿನಲ್ಲಿ ಬಂದ ಎರಡನೇ ಆಲ್ಬಮ್ ಆ್ಯಕ್ಸಿಸ್: ಬೋಲ್ಡ್ ಆ್ಯಸ್ ಲವ್‌ನ ರಕ್ಷಾಪುಟ ನೋಡಿ. ನಮ್ಮ ಮನೆಗಳ ಗೋಡೆಯ ಕ್ಯಾಲೆಂಡರಿನಲ್ಲಿ ಕಾಣುವ ವಿಷ್ಣುವಿನ ವಿಶ್ವರೂಪದ ಪಟವೇ ಇದರ ಮೂಲ. ನಡುವೆ ತಂಡದ ಮೂವರ ಮುಖಗಳನ್ನು ಚಿತ್ರಿಸಿದ್ದಾರೆ. ಈ ಆಯ್ಕೆ ಹೆಂಡ್ರಿಕ್ಸ್ ಅವರದಲ್ಲ, ರೆಕಾರ್ಡ್ ಕಂಪನಿಯದು. ತಮಗೂ ಆ ಚಿತ್ರಕ್ಕೂ ಸಂಬಂಧವಿಲ್ಲ, ತಮ್ಮ ಪೂರ್ವಜರಲ್ಲಿ ಅಮೆರಿಕದ ಮೂಲನಿವಾಸಿಗಳಿದ್ದಾರಾದ್ದರಿಂದ ಅದನ್ನು ತೋರಿಸಿದ್ದರೆ ಚೆನ್ನಾಗಿತ್ತು ಎಂಬ ಅಭಿಪ್ರಾಯವನ್ನು ಅವರು ಮುಚ್ಚಿಡಲಿಲ್ಲ.

1968ರ ಮೂರನೇ ಆಲ್ಬಮ್ ಎಲೆಕ್ಟ್ರಿಕ್ ಲೇಡಿಲ್ಯಾಂಡ್ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನ ಮುಟ್ಟಿತು. ಇದರ ಧ್ವನಿಮುದ್ರಣದಲ್ಲಿ ಅವರು ಒಂದೇ ಭಾಗವನ್ನು ಮತ್ತೆ ಮತ್ತೆ ನುಡಿಸಿ ತಿದ್ದುತ್ತಿದ್ದರು. ಬೇಸತ್ತ ಚಾಂಡ್ಲರ್ ನಡುವೆಯೇ ಹೊರಟುಹೋದರು, ರೆಡ್ಡಿಂಗ್ ಕೂಡ ಸ್ಟುಡಿಯೋದಿಂದ ಆಗಾಗ ಎದ್ದು ಹೋಗುತ್ತಿದ್ದರು. ಬಾಬ್ ಡಿಲನ್ ಅವರ ಆಲ್ ಅಲಾಂಗ್ ದಿ ವಾಚ್‌ಟವರ್ ಹಾಡಿನಲ್ಲಿ ಬಾಸ್ ಗಿಟಾರನ್ನೂ ಹೆಂಡ್ರಿಕ್ಸ್ ತಾವೇ ನುಡಿಸಿದ್ದಾರೆ. ಸರಳವಾಗಿದ್ದ ಆ ಹಾಡು ಅವರ ಕೈಯಲ್ಲಿ ಎಷ್ಟು ಬೆಳೆಯಿತೆಂದರೆ, ಸ್ವತಃ ಡಿಲನ್ ಅವರೇ ಮುಂದೆ ಅದನ್ನು ಹೆಂಡ್ರಿಕ್ಸ್ ರೂಪಕ್ಕೆ ಹತ್ತಿರವಾಗಿ ಹಾಡತೊಡಗಿದರು.

1969ರ ಜೂನಿನಲ್ಲಿ ತಂಡ ಒಡೆಯಿತು. ಆಗಸ್ಟ್ 18ರ ಸೋಮವಾರ ಬೆಳಗ್ಗೆ ಅವರು ವುಡ್‌ಸ್ಟಾಕ್ ಉತ್ಸವದ ವೇದಿಕೆ ಹತ್ತಿದಾಗ, ಭಾನುವಾರವೇ ಮುಗಿಯಬೇಕಿದ್ದ ಉತ್ಸವ ಮಳೆಯಿಂದ ತಡವಾಗಿ, ನಾಲ್ಕು ಲಕ್ಷಕ್ಕೂ ಮಿಕ್ಕಿ ಜನ ಸೇರಿದ್ದ ಬಯಲು ಬಹುಪಾಲು ಖಾಲಿಯಾಗಿತ್ತು. ಅಂದು ಅವರು ಗಿಟಾರಿನಲ್ಲಿ ಅಮೆರಿಕದ ರಾಷ್ಟ್ರಗೀತೆಯನ್ನು ನುಡಿಸಿದ ನಾಲ್ಕು ನಿಮಿಷಕ್ಕೂ ಕಡಿಮೆ ಅವಧಿಯ ಭಾಗವನ್ನು ಗಮನವಿಟ್ಟು ಕೇಳಬೇಕು. ಮೊದಲ ಸಾಲುಗಳು ನೇರವಾಗಿ, ಗೌರವದಿಂದ ಸಾಗುತ್ತವೆ. ಸಾಹಿತ್ಯದಲ್ಲಿ ರಾಕೆಟ್ಟುಗಳ ಕೆಂಪು ಬೆಳಕು ಎಂಬ ಮಾತು ಬರುವ ಜಾಗಕ್ಕೆ ಬಂದಾಗ ತಂತಿಗಳು ಕಿರುಚಿ ಕೆಳಗೆ ಧುಮುಕುತ್ತವೆ. ಬಾಂಬು ಸಿಡಿಯುವ ಮಾತಿನ ಬಳಿ ಲೋಹದ ಸನ್ನೆಗೋಲನ್ನು ಒತ್ತಿ ಸ್ವರವನ್ನು ಪಾತಾಳಕ್ಕೆ ಇಳಿಸುತ್ತಾರೆ. ನಡುವೆ ಸೈನಿಕರ ಅಂತ್ಯಕ್ರಿಯೆಯಲ್ಲಿ ಊದುವ ಕಹಳೆಯ ಧಾಟಿ ಹಾದುಹೋಗುತ್ತದೆ. ಆಗ ವಿಯೆಟ್ನಾಮಿನಲ್ಲಿ ಯುದ್ಧ ನಡೆಯುತ್ತಿತ್ತು, ಅವರು ಹಿಂದೆ ಸೇವೆ ಸಲ್ಲಿಸಿದ್ದ 101ನೇ ದಳವೂ ಅಲ್ಲಿ ಹೋರಾಡುತ್ತಿತ್ತು. ಕೆಲವು ವಾರಗಳ ನಂತರ ದೂರದರ್ಶನ ಸಂದರ್ಶನದಲ್ಲಿ ಡಿಕ್ ಕ್ಯಾವೆಟ್ ಈ ಬಗ್ಗೆ ಕೇಳಿದಾಗ, ಹೆಂಡ್ರಿಕ್ಸ್ ಮೆಲುದನಿಯಲ್ಲಿ, ಅದು ತಮಗೆ ಸುಂದರವಾಗಿ ಕೇಳಿಸಿತು ಎಂದಷ್ಟೇ ಉತ್ತರಿಸಿದರು. ಆ ಉತ್ತರದಲ್ಲಿ ಸವಾಲಿನ ಛಾಯೆಯೇ ಇಲ್ಲ, ಮತ್ತು ಅದು ನಿಜವಾದ ಉತ್ತರ ಎಂದು ನಾನು ನಂಬುತ್ತೇನೆ.

ಮಾದಕ ವಸ್ತುಗಳ ಬಳಕೆ ಅವರ ಬದುಕಿನಲ್ಲಿ ಇತ್ತು, ಅದನ್ನು ಮರೆಮಾಚುವ ಅಗತ್ಯವಿಲ್ಲ. 1969ರ ಮೇ ತಿಂಗಳಲ್ಲಿ ಟೊರೊಂಟೊ ವಿಮಾನ ನಿಲ್ದಾಣದಲ್ಲಿ ಅವರನ್ನು ಬಂಧಿಸಲಾಯಿತು, ಡಿಸೆಂಬರಿನಲ್ಲಿ ನ್ಯಾಯಾಲಯ ಖುಲಾಸೆ ಮಾಡಿತು. ಹಗಲಿರುಳು ಕಛೇರಿ, ಪ್ರಯಾಣ, ಕೋರ್ಟು ಕಟ್ಟಲೆಗಳ ನಡುವೆ ಅವರು ಬಯಸಿದ್ದು ತಮ್ಮದೇ ಆದ ಒಂದು ಸ್ಟುಡಿಯೋವನ್ನು. ನ್ಯೂಯಾರ್ಕಿನ ಪಶ್ಚಿಮ 8ನೇ ಬೀದಿಯಲ್ಲಿ ಎಲೆಕ್ಟ್ರಿಕ್ ಲೇಡಿ ಸ್ಟುಡಿಯೋಸ್ 1970ರ ಆಗಸ್ಟ್ 26ರಂದು ವಿಧ್ಯುಕ್ತವಾಗಿ ಆರಂಭವಾಯಿತು. ಕೂಡಲೇ ಅವರು ಯುರೋಪಿನ ಕಛೇರಿಗಳಿಗೆ ಹೊರಟರು, ಮರಳಿ ಬರಲಿಲ್ಲ. ಸೆಪ್ಟೆಂಬರ್ 18ರಂದು ಲಂಡನ್ನಿನಲ್ಲಿ, ನಿದ್ರೆ ಮಾತ್ರೆಗಳನ್ನು ಅತಿಯಾಗಿ ಸೇವಿಸಿದ್ದ ಸ್ಥಿತಿಯಲ್ಲಿ, ವಾಂತಿಯಿಂದ ಉಸಿರುಕಟ್ಟಿ ತೀರಿಕೊಂಡರು. ಅವರಿಗೆ 27 ವರ್ಷ. ಸಿಯಾಟಲ್ ಬಳಿಯ ರೆಂಟನ್ ಪಟ್ಟಣದಲ್ಲಿ ಅವರ ಸಮಾಧಿಯಿದೆ. ಆ ಸ್ಟುಡಿಯೋ ಇಂದಿಗೂ ಕೆಲಸ ಮಾಡುತ್ತಿದೆ.

ನೆನಪಿದೆಯಲ್ಲ, ಒಂದು ಡಾಲರಿನ ಆ ಒಪ್ಪಂದ? ಅದರ ವ್ಯಾಜ್ಯ ತೀರಿಸಲು ಹೆಂಡ್ರಿಕ್ಸ್ ಒಂದು ಆಲ್ಬಮ್ ಕೊಡಬೇಕಾಗಿ ಬಂತು. ಸೈನ್ಯದ ಗೆಳೆಯ ಬಿಲ್ಲಿ ಕಾಕ್ಸ್ ಮತ್ತು ಡ್ರಮ್ಸ್ ವಾದಕ ಬಡ್ಡಿ ಮೈಲ್ಸ್ ಅವರೊಂದಿಗೆ ನ್ಯೂಯಾರ್ಕಿನ ಫಿಲ್‌ಮೋರ್ ಈಸ್ಟ್ ರಂಗಮಂದಿರದಲ್ಲಿ 1970ರ ಹೊಸ ವರ್ಷದ ದಿನ ನುಡಿಸಿದ್ದನ್ನೇ ಧ್ವನಿಮುದ್ರಿಸಿ ಕೊಟ್ಟರು. ಅದರಲ್ಲಿ ಮಷಿನ್ ಗನ್ ಎಂಬ ಹನ್ನೆರಡು ನಿಮಿಷಕ್ಕೂ ಉದ್ದದ ರಚನೆಯಿದೆ. ಹೆಂಡ್ರಿಕ್ಸ್ ಅವರ ಒಂದೇ ಒಂದು ಧ್ವನಿಮುದ್ರಿಕೆಯನ್ನು ಕೇಳಲು ನಿಮಗೆ ಸಮಯವಿದ್ದರೆ ಇದನ್ನೇ ಕೇಳಿ ಎಂಬುದು ನನ್ನ ಕೋರಿಕೆ. ಆರಂಭದಲ್ಲಿ ಅವರು ವಿಯೆಟ್ನಾಮಿನಲ್ಲಿ ಹೋರಾಡುತ್ತಿರುವ ಸೈನಿಕರನ್ನು ನೆನೆದು ಹಾಡನ್ನು ಅರ್ಪಿಸುತ್ತಾರೆ. ಡ್ರಮ್ಮೂ ಗಿಟಾರೂ ಒಟ್ಟಾಗಿ ಗುಂಡಿನ ಸುರಿಮಳೆಯ ಲಯ ಹಿಡಿಯುತ್ತವೆ. ಸುಮಾರು ನಾಲ್ಕನೇ ನಿಮಿಷದ ಹೊತ್ತಿಗೆ ಹಾಡು ನಿಂತು, ಗಿಟಾರಿನಿಂದ ಒಂದೇ ಒಂದು ತಾರಸ್ವರ ಹೊರಡುತ್ತದೆ. ಆ ಸ್ವರವನ್ನು ಅವರು ಬಿಡುವುದೇ ಇಲ್ಲ, ಅದು ನಡುಗುತ್ತ ಹಾಗೆಯೇ ನಿಲ್ಲುತ್ತದೆ. ಇಯರ್‌ಫೋನ್ ಹಾಕಿಕೊಂಡು, ಬೇರೆ ಕೆಲಸಗಳನ್ನು ಬದಿಗಿಟ್ಟು, ಆ ಸ್ವರ ಎಲ್ಲಿ ಮುಗಿಯುತ್ತದೆ ಎಂದು ಗಮನಿಸಿ.