ಐದು ಇಂಚಿನ ತೆರೆಯಿಂದ ಕೈಗಾ ತನಕ

ಕೇಳುಗರೆಲ್ಲರಿಗೂ ನಮಸ್ಕಾರ.

ಹೋದ ತಿಂಗಳು ನನ್ನ ಅಕ್ಕನ ಮಗನ ಫೋನು ಉಬ್ಬಿಕೊಂಡಿತು. ಮೇಜಿನ ಮೇಲೆ ಇಟ್ಟರೆ ಸಮನಾಗಿ ಕೂರುತ್ತಲೇ ಇರಲಿಲ್ಲ. ಬೆರಳು ತಾಗಿಸಿದರೆ ಸಾಕು, ಬುಗುರಿಯ ಹಾಗೆ ತಿರುಗುತ್ತಿತ್ತು. ಬ್ಯಾಟರಿ ಊದಿದೆ ಅಂತ ಗೊತ್ತಾಯಿತು. ಇಬ್ಬರೂ ಕಾರವಾರದ ಪೇಟೆಗೆ ಹೋಗಿ ಒಂದು ರಿಪೇರಿ ಅಂಗಡಿಯ ಮುಂದೆ ನಿಂತೆವು. ಅಂಗಡಿಯ ಹುಡುಗ ಫೋನಿನ ಅಂಚಿಗೆ ಸ್ವಲ್ಪ ಸ್ವಲ್ಪವೇ ಬಿಸಿ ಗಾಳಿ ಹಿಡಿದ. ಅಂಟು ಸಡಿಲವಾದ ಮೇಲೆ ತೆಳ್ಳನೆಯ ಪ್ಲಾಸ್ಟಿಕ್ ಚೂರೊಂದನ್ನು ಸಂದಿಗೆ ತೂರಿಸಿ, ಉಸಿರು ಬಿಗಿಹಿಡಿದು, ಸುತ್ತಲೂ ಮೆಲ್ಲಗೆ ಎಳೆಯುತ್ತಾ ಹೋದ. ಒಂದು ಮೂಲೆಯಲ್ಲಿ ಗಾಜು ಟಿಕ್ ಅಂತ ಸೀಳಿತು. ಅವನ ಮುಖ ಬಾಡಿತು. "ಬ್ಯಾಟರಿ ಹಾಕೋದು ಎರಡು ನಿಮಿಷದ ಕೆಲಸ ಸರ್. ಬಿಚ್ಚೋದೇ ಮುಕ್ಕಾಲು ಗಂಟೆ" ಅಂದ.

ವಾಪಸ್ ಬರುವಾಗ ಅಳಿಯ ಕೇಳಿದ: "ಮಾಮಾ, ಬಿಚ್ಚೋಕೇ ಆಗದ ಹಾಗೆ ಯಾಕೆ ಮಾಡ್ತಾರೆ?"

ನೀರು ಒಳಗೆ ಹೋಗಬಾರದು, ಫೋನು ತೆಳ್ಳಗಿರಬೇಕು ಅನ್ನೋ ಕಾರಣಗಳಿವೆ. ಅವು ಸುಳ್ಳಲ್ಲ. ಆದರೆ ಹದಿನೈದು ವರ್ಷದ ಹಿಂದೆ ನಾವೆಲ್ಲ ಉಗುರಿನಿಂದಲೇ ಫೋನಿನ ಬೆನ್ನು ತೆಗೆದು ಬ್ಯಾಟರಿ ಬದಲಿಸುತ್ತಿದ್ದೆವು, ಅಲ್ವಾ? ಐರೋಪ್ಯ ಒಕ್ಕೂಟ ಇದಕ್ಕೆ 2023ರಲ್ಲಿ ಒಂದು ಕಾನೂನು ತಂದಿದೆ. 2027ರ ಫೆಬ್ರವರಿಯಿಂದ ಅಲ್ಲಿ ಮಾರುವ ಇಂಥ ಸಾಧನಗಳ ಬ್ಯಾಟರಿಯನ್ನು ಬಳಸುವವರೇ ತೆಗೆದು ಬದಲಿಸುವಂತಿರಬೇಕು ಅನ್ನುವುದು ಅದರ ನಿಯಮ. ಕೆಲವು ವಿನಾಯಿತಿಗಳು ಇವೆ, ಇರಲಿ. ಅಂಟು ಹಾಕಿ ಮುಚ್ಚುವುದು ಪ್ರಕೃತಿಯ ನಿಯಮವೇನೂ ಅಲ್ಲ ಅಂತ ಅಷ್ಟಾದರೂ ಸಾಬೀತಾಯಿತು.

ಆ ಹುಡುಗನಿಗೆ ಗೇಮ್ ಅಂದರೆ ಪ್ರಾಣ. ಹಾಗಾಗಿ ಅವತ್ತು ರಾತ್ರಿ ಅವನಿಗೆ ಒಂದು ಹಳೆಯ ಗೇಮಿನ ಕಥೆ ಹೇಳಿದೆ. ನಿಮಗೂ ಹೇಳುತ್ತೇನೆ.

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಬ್ರೂಕ್‌ಹೇವನ್ ಅಂತ ಒಂದು ಪರಮಾಣು ಸಂಶೋಧನಾ ಪ್ರಯೋಗಾಲಯ ಇದೆ. 1950ರಲ್ಲೇ ಅಲ್ಲಿ ಒಂದು ರಿಯಾಕ್ಟರ್, ಅಂದರೆ ಹತೋಟಿಯಲ್ಲಿ ಪರಮಾಣುಗಳನ್ನು ಒಡೆಯುವ ಯಂತ್ರ, ಶುರುವಾಗಿತ್ತು. ವರ್ಷಕ್ಕೊಮ್ಮೆ ಸುತ್ತಲಿನ ಊರಿನವರಿಗೆ ಒಳಗೆ ಬಂದು ನೋಡಲು ಅವಕಾಶ ಕೊಡುತ್ತಿದ್ದರು. ಆದರೆ ನೋಡಲು ಇದ್ದದ್ದು ಬರೀ ಫೋಟೋ, ಫಲಕ, ಸುಮ್ನೆ ನಿಂತ ಯಂತ್ರಗಳು. ಜನ ಬರುತ್ತಿದ್ದರು, ತಲೆಯಾಡಿಸುತ್ತಿದ್ದರು, ಹೋಗುತ್ತಿದ್ದರು. ಅಲ್ಲಿ ವಿಲಿಯಂ ಹಿಗಿನ್‌ಬಾಥಮ್ ಅನ್ನುವ ವಿಜ್ಞಾನಿ ಇದ್ದರು. ಜನರು ಕೈಯಿಟ್ಟು ಆಡಿಸುವಂಥದ್ದು ಏನಾದರೂ ಇಡಬೇಕು ಅಂತ ಅವರಿಗೆ ಅನ್ನಿಸಿತು. ಪ್ರಯೋಗಾಲಯದಲ್ಲಿ ಒಂದು ಚಿಕ್ಕ ಅನಲಾಗ್ ಕಂಪ್ಯೂಟರ್ ಇತ್ತು. ಅದರ ಜೊತೆ ಬಂದ ಕೈಪಿಡಿಯಲ್ಲಿ ಪುಟಿಯುವ ಚೆಂಡಿನ ದಾರಿಯನ್ನು ಲೆಕ್ಕ ಹಾಕುವ ವಿಧಾನ ಬರೆದಿತ್ತು. ಚೆಂಡು ಪುಟಿಯುತ್ತದೆ ಅಂದಮೇಲೆ ಟೆನಿಸ್ ಯಾಕಾಗಬಾರದು?

1958ರ ಅಕ್ಟೋಬರ್ 18ರಂದು ಅದನ್ನು ಜನರ ಮುಂದೆ ಇಟ್ಟರು. ಐದು ಇಂಚಿನ ದುಂಡನೆಯ ತೆರೆ. ಅದರ ಮೇಲೆ ಅಡ್ಡಕ್ಕೆ ಒಂದು ಗೆರೆ, ಅದೇ ಅಂಗಳ. ನಡುವೆ ಒಂದು ಗಿಡ್ಡ ಗೆರೆ, ಅದೇ ನೆಟ್. ಹೊಳೆಯುವ ಚುಕ್ಕಿಯೊಂದು ಚೆಂಡು. ಇಬ್ಬರ ಕೈಯಲ್ಲೂ ಒಂದೊಂದು ಪೆಟ್ಟಿಗೆ. ಅದರಲ್ಲಿ ರೇಡಿಯೋ ಕಿವಿ ತಿರುಗಿಸಿದ ಹಾಗೆ ತಿರುಗಿಸುವ ಒಂದು ನಾಬ್, ಚೆಂಡು ಹೊಡೆಯಲು ಒಂದು ಬಟನ್. ಜನ ನೂರಾರು ಸಂಖ್ಯೆಯಲ್ಲಿ ಸಾಲುಗಟ್ಟಿದರು. ಮಾರನೇ ವರ್ಷ ದೊಡ್ಡ ತೆರೆ ತಂದರು. ಚಂದ್ರನ ಮೇಲೆ ಟೆನಿಸ್ ಆಡಿದರೆ ಹೇಗೆ, ಗುರುಗ್ರಹದ ಮೇಲೆ ಆಡಿದರೆ ಹೇಗೆ ಅಂತಲೂ ನೋಡಬಹುದಾಗಿತ್ತು. ಆಮೇಲೆ ಅದನ್ನು ಬಿಚ್ಚಿ, ಬಿಡಿಭಾಗಗಳನ್ನು ಬೇರೆ ಕೆಲಸಕ್ಕೆ ಬಳಸಿಕೊಂಡರು. ಹಿಗಿನ್‌ಬಾಥಮ್ ಪೇಟೆಂಟ್ ಕೂಡ ಮಾಡಿಸಲಿಲ್ಲ.

ಈ ಹಿಗಿನ್‌ಬಾಥಮ್ ಯಾರು ಗೊತ್ತಾ? ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕ ಅಣುಬಾಂಬ್ ತಯಾರಿಸಿದ ಲಾಸ್ ಅಲಾಮೋಸ್‌ನಲ್ಲಿ ಅಣುಬಾಂಬಿನ ಎಲೆಕ್ಟ್ರಾನಿಕ್ಸ್ ಕೆಲಸ ಮಾಡಿದವರು. ಯುದ್ಧ ಮುಗಿದ ಮೇಲೆ ಅಣ್ವಸ್ತ್ರ ಹರಡಬಾರದು ಅಂತ ಉಳಿದ ಬದುಕನ್ನೆಲ್ಲ ಸವೆಸಿದರು. ತಮ್ಮನ್ನು ಜನ ನೆನಪಿಟ್ಟುಕೊಳ್ಳಬೇಕಾದ್ದು ಆ ಕೆಲಸಕ್ಕೆ, ಗೇಮಿಗಲ್ಲ ಅನ್ನುವುದು ಅವರ ಆಸೆಯಾಗಿತ್ತು. ಅವರು ಜನರ ಕೈಗೆ ಆ ನಾಬ್ ಕೊಟ್ಟದ್ದು ಸಣ್ಣ ಸಂಗತಿ ಅಂತ ನನಗೆ ಅನ್ನಿಸುವುದಿಲ್ಲ.

ಇನ್ನೊಂದು ಮಾತು. 1997ರಲ್ಲಿ ಬ್ರೂಕ್‌ಹೇವನ್‌ಗೆ ಐವತ್ತು ವರ್ಷ ತುಂಬಿದಾಗ ಆ ಗೇಮನ್ನು ಮತ್ತೆ ಕಟ್ಟಿದರು. ಹಳೆಯ ನಕ್ಷೆಗಳು ಉಳಿದಿದ್ದವು, ಅದಕ್ಕೇ ಆಯಿತು. ಇದರ ಪಕ್ಕಕ್ಕೆ 2014ರಲ್ಲಿ ಬಂದ 'ದಿ ಕ್ರೂ' ಅನ್ನುವ ಕಾರು ಓಡಿಸುವ ಗೇಮನ್ನು ಇಟ್ಟು ನೋಡಿ. ಅದು ಓಡಬೇಕಾದರೆ ಇಂಟರ್ನೆಟ್ ಮೂಲಕ ಕಂಪನಿಯ ಸರ್ವರ್ ಕಂಪ್ಯೂಟರಿಗೆ ಸದಾ ಸೇರಿಕೊಂಡಿರಬೇಕಿತ್ತು. 2024ರ ಮಾರ್ಚ್ ಕೊನೆಯಲ್ಲಿ ಕಂಪನಿ ಆ ಸರ್ವರ್ ನಿಲ್ಲಿಸಿತು. ದುಡ್ಡು ಕೊಟ್ಟು ಡಿಸ್ಕ್ ತಂದು ಮನೆಯಲ್ಲಿಟ್ಟುಕೊಂಡವರಿಗೂ ಅದು ಓಡಲಿಲ್ಲ. ಹತ್ತು ವರ್ಷದ ಗೇಮು ಸತ್ತಿತು. ನಲವತ್ತು ವರ್ಷದ ಹಿಂದಿನದು ಎದ್ದು ಕೂತಿತ್ತು. ಇದು ನನಗೆ ನಿಜವಾಗಿಯೂ ನೋವು ಕೊಡುತ್ತದೆ. ಮಕ್ಕಳು ಕೂಡಿಟ್ಟ ದುಡ್ಡಲ್ಲಿ ಕೊಳ್ಳುವ ವಸ್ತು ಅದು.

ಇನ್ನು ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಬರೋಣ.

ಕಾಳಿ ನದಿಯ ದಂಡೆಯಲ್ಲಿ, ಕದ್ರಾ ಅಣೆಕಟ್ಟಿನ ಹಿನ್ನೀರಿನ ಹತ್ತಿರ ಕೈಗಾ ಅಣು ವಿದ್ಯುತ್ ಸ್ಥಾವರ ಇದೆ. ತಲಾ 220 ಮೆಗಾವ್ಯಾಟಿನ ನಾಲ್ಕು ಘಟಕಗಳು. ನಾಲ್ಕೂ ಪೂರ್ತಿ ಓಡಿದರೆ ಒಂದು ಗಂಟೆಗೆ ಸುಮಾರು ಒಂಬತ್ತು ಲಕ್ಷ ಯೂನಿಟ್ ಕರೆಂಟ್. ನಿಮ್ಮ ಫೋನನ್ನು ದಿನಾ ಚಾರ್ಜ್ ಮಾಡಿದರೂ ವರ್ಷಕ್ಕೆ ಹತ್ತು ಯೂನಿಟ್ ದಾಟುವುದು ಕಷ್ಟ. ಅಷ್ಟು ಕರೆಂಟು, ಹೊಗೆಯಿಲ್ಲದೆ. ನಾನು ಅಣು ವಿದ್ಯುತ್ತಿನ ಪರ. ಅದನ್ನು ಇಲ್ಲಿ ನೇರವಾಗಿಯೇ ಹೇಳುತ್ತೇನೆ.

ಆದರೆ ವಿರೋಧಿಸಿದವರನ್ನು ದಡ್ಡರು ಅನ್ನುವವರ ಜೊತೆ ನಾನಿಲ್ಲ. 1989ರಲ್ಲಿ ಶಿವರಾಮ ಕಾರಂತರು ಎಂಬತ್ತೇಳರ ವಯಸ್ಸಿನಲ್ಲಿ, ಕೈಗಾ ಬೇಡ ಅಂತ ಇದೇ ಜಿಲ್ಲೆಯಿಂದ ಲೋಕಸಭೆ ಚುನಾವಣೆಗೆ ನಿಂತರು. ಸೋತರು. ಸೋವಿಯತ್ ಒಕ್ಕೂಟದ ಚೆರ್ನೋಬಿಲ್ ಅಣು ಸ್ಥಾವರದ ದುರಂತ ನಡೆದು ಆಗಿನ್ನೂ ಮೂರೂವರೆ ವರ್ಷ. ಅವರು ಎತ್ತಿದ ಪ್ರಶ್ನೆ ಹಗುರವಾದದ್ದಲ್ಲ. 1994ರ ಮೇ 13ರಂದು, ಕಟ್ಟುತ್ತಿದ್ದ ಒಂದನೇ ಘಟಕದಲ್ಲಿ ರಿಯಾಕ್ಟರನ್ನು ಮುಚ್ಚುವ ಒಳಗುಮ್ಮಟದ ಕಾಂಕ್ರೀಟ್ ಕಳಚಿ ಬಿತ್ತು. ಕೆಲಸಗಾರರು ಗಾಯಗೊಂಡರು. ಒಳಗೆ ಇಂಧನ ಇನ್ನೂ ಇರಲಿಲ್ಲ, ನಮ್ಮ ಪುಣ್ಯ. ಗುಮ್ಮಟದ ವಿನ್ಯಾಸವನ್ನೇ ಬದಲಿಸಿ ಮತ್ತೆ ಕಟ್ಟಬೇಕಾಯಿತು.

ಅದೇ ಒಂದನೇ ಘಟಕ, 2016ರ ಮೇ 13ರಂದು ಓಡಲು ಶುರು ಮಾಡಿದ್ದು 2018ರ ಡಿಸೆಂಬರ್ 31ರ ತನಕ ನಿಲ್ಲಲೇ ಇಲ್ಲ. 962 ದಿನ. ಆಗ ಅದು ಜಗತ್ತಿನ ದಾಖಲೆ. ಮುಂದೆ ಕೆನಡಾದ ಡಾರ್ಲಿಂಗ್‌ಟನ್ ಸ್ಥಾವರ ಅದನ್ನು ದಾಟಿತು, ಕೈಗಾದ ಹಾಗೆ ಅದೂ ಭಾರಜಲದ, ಅಂದರೆ ಭಾರದ ಹೈಡ್ರೋಜನ್ ಇರುವ ನೀರನ್ನು ಬಳಸುವ ರಿಯಾಕ್ಟರೇ. ಗುಮ್ಮಟ ಬಿದ್ದ ತಾರೀಖೂ ದಾಖಲೆಯ ಓಟ ಶುರುವಾದ ತಾರೀಖೂ ಒಂದೇ. ಇದನ್ನು ಮೊದಲ ಸಲ ಲೆಕ್ಕ ಹಾಕಿ ನೋಡಿದಾಗ ನನಗೆ ಮೈ ಜುಂ ಅಂದಿತು.

2009ರ ನವೆಂಬರಿನಲ್ಲಿ ಕೈಗಾದ ಒಂದು ಕುಡಿಯುವ ನೀರಿನ ಕೂಲರಿನಲ್ಲಿ ಟ್ರಿಟಿಯಂ ಸೇರಿತ್ತು ಅನ್ನುವ ಸುದ್ದಿ ಬಂತು. ಒಳಗಿನವರೇ ಯಾರೋ ಬೇಕಂತಲೇ ಬೆರೆಸಿದ್ದಾರೆ ಅಂತ ಅಧಿಕಾರಿಗಳು ಹೇಳಿದರು. ಆ ವಾರ ನಮ್ಮ ಮನೆಯಲ್ಲಿ ಹೊಳೆ ಮೀನು ತರೋದೋ ಬೇಡವೋ ಅನ್ನುವ ಮಾತಾಯಿತು. ಟ್ರಿಟಿಯಂ ಅಂದರೆ ಏನು ಅಂತ ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅದು ವಿಕಿರಣ ಸೂಸುವ ಹೈಡ್ರೋಜನ್, ನೀರಿನ ಜೊತೆ ಬೆರೆತು ಮೈಗೆ ಸೇರುತ್ತದೆ, ಮೂತ್ರದ ಜೊತೆ ಬಹುಪಾಲು ಹೊರಗೂ ಹೋಗುತ್ತದೆ. ಇಷ್ಟನ್ನು ಯಾರಾದರೂ ಮೊದಲೇ ನಮ್ಮ ಭಾಷೆಯಲ್ಲಿ ಹೇಳಿದ್ದರೆ, ಅಮ್ಮ ಅಷ್ಟು ದಿನ ಹೆದರುತ್ತಿರಲಿಲ್ಲ. ಕೇಳಬೇಕಾದ ಪ್ರಶ್ನೆಯನ್ನು ಸರಿಯಾಗಿ ಕೇಳುತ್ತಿದ್ದಳು.

ಅದಕ್ಕೇ ನನಗೆ ಹಿಗಿನ್‌ಬಾಥಮ್ ನೆನಪಾಗುವುದು. ಕೈಗಾ ನೌಕರರ ವಸತಿ ಇರುವ ಮಲ್ಲಾಪುರಕ್ಕೋ ಕಾರವಾರಕ್ಕೋ ಬರುವ ಶಾಲೆ ಮಕ್ಕಳ ಕೈಗೆ ಒಂದು ನಾಬ್ ಕೊಡಬೇಕು. ತಿರುಗಿಸಿದರೆ ತೆರೆಯ ಮೇಲೆ ರಿಯಾಕ್ಟರಿನ ಬಿಸಿ ಏರಬೇಕು, ಇಳಿಸಿದರೆ ಇಳಿಯಬೇಕು. ಜಾಸ್ತಿ ತಿರುಗಿಸಿದರೆ ತಾನಾಗಿ ನಿಲ್ಲಬೇಕು, ಯಾಕೆ ನಿಂತಿತು ಅಂತ ಕನ್ನಡದಲ್ಲಿ ಬರಬೇಕು. ಗೇಮು ಕಟ್ಟುವ ಹುಡುಗ ಹುಡುಗಿಯರು ಬೆಂಗಳೂರಿನಲ್ಲಿ ಬೇಕಾದಷ್ಟು ಇದ್ದಾರೆ.

ಅವತ್ತು ಅಳಿಯನಿಗೆ 962 ದಿನದ ಗುಟ್ಟನ್ನೂ ಹೇಳಿದೆ. ಕೈಗಾದಲ್ಲಿ ಇಂಧನವೆಂದರೆ ಹತ್ತೊಂಬತ್ತು ಕಡ್ಡಿಗಳ ಕಟ್ಟು, ಅರ್ಧ ಮೀಟರ್ ಉದ್ದ. ರಿಯಾಕ್ಟರ್ ಓಡುತ್ತಿರುವಾಗಲೇ ಯಂತ್ರವೊಂದು ಒಂದು ತುದಿಯಿಂದ ಹೊಸ ಕಟ್ಟನ್ನು ತಳ್ಳುತ್ತದೆ, ಇನ್ನೊಂದು ತುದಿಯಲ್ಲಿ ಹಳೆಯದು ಹೊರಬರುತ್ತದೆ. ಇಂಧನ ಬದಲಿಸಲು ನಿಲ್ಲಿಸುವ ಅಗತ್ಯವೇ ಇಲ್ಲ.

"ಅಜ್ಜಿ ಬಚ್ಚಲೊಲೆಗೆ ಕಟ್ಟಿಗೆ ದೂಡಿದ ಹಾಗೆ" ಅಂದ ಅವನು. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಕೇಳಿದ: "ಮಾಮಾ, ಹಾಗಾದ್ರೆ ಬೂದಿ ಎಲ್ಲಿ ಹಾಕ್ತಾರೆ?"

ನೀರಿನ ಕೊಳದಲ್ಲಿ ವರ್ಷಗಟ್ಟಲೆ ಮುಳುಗಿಸಿ ತಣಿಸುತ್ತಾರೆ ಅಂತ ಹೇಳಿದೆ. ಅಲ್ಲಿಂದ ಮುಂದಿನದನ್ನು ಹೇಳುತ್ತಾ ಹೋದಂತೆ ರಾತ್ರಿ ಹನ್ನೊಂದೂವರೆ ಆಯಿತು. ರಿಪೇರಿಯಾದ ಫೋನು ಪಕ್ಕದಲ್ಲೇ ಇತ್ತು. ಅವನು ಅದನ್ನು ಮುಟ್ಟಲಿಲ್ಲ.

ನಮಸ್ಕಾರ.